ನಗುವಿಗೂ ಒಂದು ವೇಳಾಪಟ್ಟಿ



ಜರ್ಮನರು ನಗುವುದಿಲ್ಲವೆಂಬ ಮಾತು ಲೋಕದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಅವರು ಯಂತ್ರಗಳನ್ನು ನಿರ್ಮಿಸುತ್ತಾರೆ, ತತ್ತ್ವಶಾಸ್ತ್ರವನ್ನು ಬರೆಯುತ್ತಾರೆ, ಸಿಂಫೊನಿಗಳನ್ನು ರಚಿಸುತ್ತಾರೆ. ನಗುವ ಉದ್ಯೋಗವೊಂದನ್ನು ಮಾತ್ರ ನೆರೆಹೊರೆಯ ದೇಶಗಳಿಗೆ ಬಿಟ್ಟುಕೊಟ್ಟಿದ್ದಾರೆ ಎಂದು ಇಂಗ್ಲಿಷರು ಹೇಳುತ್ತಾರೆ, ಫ್ರೆಂಚರು ಹೇಳುತ್ತಾರೆ, ಅವರಿಬ್ಬರ ಪುಸ್ತಕಗಳನ್ನು ಓದಿ ಜರ್ಮನಿಯನ್ನು ಬಲ್ಲೆವೆಂದುಕೊಂಡ ನಾವೂ ಹೇಳುತ್ತೇವೆ. ದಕ್ಷಿಣ ಜರ್ಮನಿಯ ಷ್ಟುಟ್‌ಗಾರ್ಟ್ ನಗರದಲ್ಲಿ ಕೆಲವು ವರ್ಷ ಬಾಡಿಗೆಯ ಮನೆಯಲ್ಲಿ ವಾಸವಾಗಿದ್ದು, ರಜೆ ದೊರೆತಾಗಲೆಲ್ಲ ಒಂದೊಂದು ಊರನ್ನು ನೋಡಿ ಬರುತ್ತಿದ್ದ ನನಗೆ, ಈ ಲೋಕೋಕ್ತಿಯನ್ನು ಪರೀಕ್ಷಿಸುವ ಅವಕಾಶ ಯಥೇಚ್ಛವಾಗಿ ಒದಗಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದರೆ ಅಷ್ಟರಲ್ಲಿ ಕೇಳುಗರು ಬೇರೆ ನಿಲಯಕ್ಕೆ ಹೋಗಿರುವ ಸಂಭವವುಂಟು.

ಜರ್ಮನರು ನಗುತ್ತಾರೆ. ಪಕ್ಕೆ ನೋಯುವಂತೆ ನಗುತ್ತಾರೆ. ಆದರೆ ಅವರ ನಗುವಿಗೆ ಹೊತ್ತುಂಟು, ಗೊತ್ತುಂಟು, ನಿಯತವಾದ ಸ್ಥಳವುಂಟು. ಉಳಿದೆಲ್ಲ ವ್ಯವಹಾರಗಳಿಗೆ ವೇಳಾಪಟ್ಟಿಯನ್ನು ಬರೆದಿಟ್ಟ ಆ ಜನ ನಗುವಿಗೂ ಒಂದನ್ನು ಬರೆದಿಟ್ಟಿದ್ದಾರೆ. ಅದನ್ನು ತಿಳಿದು ಹೋದವನಿಗೆ ಅದು ವಿನೋದದ ದೇಶ. ತಿಳಿಯದೆ ಹೋದವನು, ಅಂಗಡಿ ಮುಚ್ಚಿದ ಮೇಲೆ ಹೋಗಿ, ಊರಿನಲ್ಲಿ ಏನೂ ಸಿಗುವುದಿಲ್ಲವೆಂದು ಹಿಂದಿರುಗುತ್ತಾನೆ.

ಮೊದಲು ಮನೆಯ ವಿಚಾರ.

ನಮ್ಮ ಮನೆಯೊಡತಿ ಎಪ್ಪತ್ತು ದಾಟಿದ ವಿಧವೆ, ಸಂಭಾವಿತೆ, ಮಿತಭಾಷಿಣಿ. ಮನೆಯ ಬೀಗದ ಕೈಯನ್ನು ಕೊಡುವುದಕ್ಕೆ ಮುಂಚೆ ಆಕೆ ನಮ್ಮ ಕೈಗಿತ್ತದ್ದು ಹಲವು ಪುಟಗಳ ಒಂದು ನಿಯಮಾವಳಿ. ಮಧ್ಯಾಹ್ನದ ವಿಶ್ರಾಂತಿಯ ವೇಳೆಯಲ್ಲಿ ಗದ್ದಲ ಕೂಡದು. ರಾತ್ರಿ ಹತ್ತರ ಮೇಲೆ ಸಂಗೀತವಾದ್ಯ ಕೂಡದು. ಭಾನುವಾರ ಗೋಡೆಗೆ ಮೊಳೆ ಹೊಡೆಯುವುದು ಎಂದೆಂದಿಗೂ ಕೂಡದು. ಕಸದ ತೊಟ್ಟಿಗಳು ನಾಲ್ಕು. ಯಾವ ಕಸ ಯಾವ ತೊಟ್ಟಿಗೆಂಬುದಕ್ಕೆ ಪ್ರತ್ಯೇಕವಾದ ಪುಟ. ಇದೆಲ್ಲವೂ ಆ ದೇಶದಲ್ಲಿ ಎಲ್ಲ ಕಡೆಯೂ ಉಂಟು. ಆದರೆ ಷ್ಟುಟ್‌ಗಾರ್ಟ್ ಸೀಮೆಯ ಜನರಾದ ಷ್ವಾಬರಿಗೆ ಇಷ್ಟು ಸಾಲದು. ಅವರಲ್ಲಿ ಗುಡಿಸುವ ವಾರವೆಂಬ ಮಹಾಸಂಪ್ರದಾಯವೊಂದುಂಟು. ಕಟ್ಟಡದಲ್ಲಿ ವಾಸವಾಗಿರುವ ಪ್ರತಿಯೊಂದು ಸಂಸಾರವೂ ಸರದಿಯ ಪ್ರಕಾರ ಒಂದೊಂದು ವಾರ ಮೆಟ್ಟಿಲುಗಳನ್ನೂ ಮುಂದಿನ ಕಾಲುದಾರಿಯನ್ನೂ ಗುಡಿಸತಕ್ಕದ್ದು. ಯಾರ ಸರದಿಯೋ ಅವರ ಬಾಗಿಲಿನ ಹಿಡಿಕೆಗೆ ಒಂದು ಸಣ್ಣ ಫಲಕವನ್ನು ತೂಗುಹಾಕುತ್ತಾರೆ. ತಡೆಯಲಾಗದ ಅತಿಥಿಯಂತೆ ಅದು ಬಂದು ನೇತಾಡುತ್ತಿರುತ್ತದೆ; ವಾರ ಮುಗಿದೊಡನೆ ಅದನ್ನು ಪಕ್ಕದ ಬಾಗಿಲಿಗೆ ಸಾಗಹಾಕುವ ಸುಖ ಅನುಭವಿಸಿದವರಿಗೇ ಗೊತ್ತು.

ಈ ಆಚಾರ ನಿನ್ನೆ ಮೊನ್ನೆಯದಲ್ಲ. 1492ರಲ್ಲಿ, ಎಂದರೆ ಕೊಲಂಬಸನು ನಮ್ಮನ್ನು ಹುಡುಕಲು ಹೊರಟು ಅಮೆರಿಕವನ್ನು ಮುಟ್ಟಿದ ವರ್ಷದಲ್ಲಿ, ಗಡ್ಡದ ಎಬರ್‌ಹಾರ್ಟ್ ಎಂದು ಹೆಸರಾದ ದೊರೆಯ ಆಳ್ವಿಕೆಯಲ್ಲಿ, ಪ್ರಜೆಗಳು ತಮ್ಮ ಕಸವನ್ನು ತಾವೇ ವಾರ ವಾರವೂ ಸಾಗಿಸಬೇಕೆಂದು ಷ್ಟುಟ್‌ಗಾರ್ಟಿನಲ್ಲಿ ಕಟ್ಟಳೆಯಾಯಿತು. 1988ರಲ್ಲಿ ನಗರಸಭೆಯು ಈ ಕಡ್ಡಾಯವನ್ನು ತನ್ನ ಕಟ್ಟಳೆಗಳಿಂದ ತೆಗೆದುಹಾಕಿತು. ಕಾಯಿದೆ ಹೋಯಿತು, ಪೊರಕೆ ಹೋಗಲಿಲ್ಲ. ಬಾಡಿಗೆಯ ಕರಾರುಪತ್ರಗಳಲ್ಲಿ ಸೇರಿಕೊಂಡು ಅದು ಇಂದಿಗೂ ಸುಖವಾಗಿದೆ.

ಒಂದು ಶನಿವಾರ ನಮ್ಮ ಮನೆಯೊಡತಿ ಕನ್ನಡಿಯಂತೆ ಹೊಳೆಯುತ್ತಿದ್ದ ಮೆಟ್ಟಿಲುಗಳನ್ನು ಗುಡಿಸುತ್ತಿದ್ದಳು. ಒಂದು ಹುಲ್ಲೆಸಳೂ ಅಲ್ಲಿರಲಿಲ್ಲ. ಮೆಟ್ಟಿಲು ಆಗಲೇ ಶುಚಿಯಾಗಿದೆಯಲ್ಲಾ ಎಂದು ನಾನು ವಿನಯಪೂರ್ವಕವಾಗಿ ಕೇಳಿದೆ. ಆಕೆ ಪೊರಕೆಯನ್ನು ಗೋಡೆಗೊರಗಿಸಿ, ಶಾಲೆಯ ಉಪಾಧ್ಯಾಯಿನಿಯಂತೆ ನನ್ನನ್ನು ನೋಡಿ, ಶುಚಿಯಾಗಿರುವುದು ಬೇರೆ, ಗುಡಿಸಿರುವುದು ಬೇರೆ ಎಂದಳು. ನಮ್ಮ ಮೀಮಾಂಸಕರು ನಿತ್ಯಕರ್ಮದ ವಿಷಯದಲ್ಲಿ ಹೇಳಿರುವುದೂ ಇಷ್ಟೇ. ಫಲವುಂಟೋ ಇಲ್ಲವೋ, ಕರ್ಮವನ್ನು ಮಾಡತಕ್ಕದ್ದು. ಆಕೆಯ ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ಆಗ ಶನಿವಾರ ಬೆಳಗಿನ ಹತ್ತು ಗಂಟೆ. ನಗುವ ವೇಳೆ ಆಗಿರಲಿಲ್ಲ.

ಭಾನುವಾರವಂತೂ ಕೇಳುಗರಾದ ನಿಮಗೆ ಹೇಳತಕ್ಕ ವಿಷಯ. ಏಕೆಂದರೆ ಅದು ಕಿವಿಗೆ ಸಂಬಂಧಪಟ್ಟದ್ದು. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹುಲ್ಲು ಕತ್ತರಿಸುವ ಯಂತ್ರ ಮೌನ. ಸುತ್ತಿಗೆ ಮೌನ. ಖಾಲಿ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದೂ ಆ ದಿನ ನಿಷಿದ್ಧ. ಗಾಜಿನ ಸದ್ದಿನಿಂದ ನೆರೆಯವರ ವಿಶ್ರಾಂತಿಗೆ ಭಂಗ ಬಂದೀತೆಂಬ ಕಾರಣದಿಂದ. ಇಡೀ ಬೀದಿಯಲ್ಲಿ ಕೇಳುವುದು ಚರ್ಚಿನ ಗಂಟೆಯೊಂದೇ. ಆ ಗಂಟೆಯಾದರೋ ಬೆಳಗಿನ ಸುಖನಿದ್ರೆಯಲ್ಲಿರುವವರನ್ನು ಎಬ್ಬಿಸುವಷ್ಟು ದೀರ್ಘವಾಗಿ ಬಾರಿಸುತ್ತದೆ. ಆದರೆ ಅದು ನಿಯಮಕ್ಕೆ ಒಳಪಟ್ಟ ಸದ್ದು. ಆದ್ದರಿಂದ ಅದು ಗದ್ದಲವಲ್ಲ.

ಬೀದಿ ದಾಟುವ ಕೆಂಪು ದೀಪದ ಸಂಗತಿಯನ್ನು ನೀವು ಕೇಳಿಯೇ ಇರುತ್ತೀರಿ. ನಡುರಾತ್ರಿ, ಎರಡು ದಿಕ್ಕಿನಲ್ಲಿಯೂ ವಾಹನವೆಂಬುದಿಲ್ಲ, ಹಿಮ ಬೀಳುತ್ತಿದೆ, ಆದರೂ ನಾಲ್ವರು ದೊಡ್ಡ ಮನುಷ್ಯರು ಕೆಂಪು ದೀಪದ ಮುಂದೆ ಹೆಪ್ಪುಗಟ್ಟುತ್ತ ನಿಂತಿರುತ್ತಾರೆ. ಮಕ್ಕಳಿಗೆ ಮೇಲ್ಪಂಕ್ತಿಯಾಗಬೇಕೆಂಬುದು ಅವರ ವಾದ. ಆ ಹೊತ್ತಿನಲ್ಲಿ ಎಚ್ಚರವಾಗಿರುವ ಮಕ್ಕಳು ಯಾವುವೋ ನಾನರಿಯೆ. ಆದರೆ ಇದೇ ಜನ ಬರ್ಲಿನ್ನಿನಲ್ಲಿ ಆ ದೀಪದೊಳಕ್ಕೆ ನಗುವನ್ನು ತಂದಿಟ್ಟ ಬಗೆಯನ್ನು ನೋಡಿ. ಪೂರ್ವ ಬರ್ಲಿನ್ನಿನ ಕಾರ್ಲ್ ಪೆಗ್ಲಾವ್ ಎಂಬ ಸಂಚಾರ ಮನಶ್ಶಾಸ್ತ್ರಜ್ಞನು 1961ರಲ್ಲಿ ಈ ದೀಪಗಳಿಗೆ ಒಬ್ಬ ಗಿಡ್ಡ ಮನುಷ್ಯನನ್ನು ರೂಪಿಸಿಕೊಟ್ಟನು. ದುಂಡು ದೇಹ, ಅಗಲವಾದ ಟೋಪಿ. ಕೆಂಪಿನವನು ಎರಡು ಕೈಗಳನ್ನೂ ಅಗಲಿಸಿ ದಾರಿಗಡ್ಡ ನಿಲ್ಲುತ್ತಾನೆ; ಹಸುರಿನವನು ಮಾವನ ಮನೆಗೆ ಹೊರಟವನಂತೆ ದಾಪುಗಾಲಿಡುತ್ತಾನೆ. ಎರಡು ಜರ್ಮನಿಗಳು ಒಂದಾದ ಮೇಲೆ ಇವನನ್ನು ತೆಗೆದುಹಾಕಬೇಕೆಂದು ಹೊರಟಾಗ ಜನ ಒಪ್ಪಲಿಲ್ಲ. ಚಳವಳಿ ನಡೆದು ಅವನು ಉಳಿದುಕೊಂಡನು. ನಿಯಮವನ್ನು ಮುರಿಯದೆ ನಿಯಮಕ್ಕೇ ಟೋಪಿ ಹಾಕುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಷ್ಟು ಹೊತ್ತು ಮನೆಯ ಪೊರಕೆ, ಭಾನುವಾರದ ಮೌನ, ಬೀದಿಯ ದೀಪ, ಈ ಮೂರನ್ನು ಹೇಳಿದೆ. ನಿಯಮದ ದೇಶವಿದು ಎಂಬುದು ನಿಮ್ಮ ಮನಸ್ಸಿಗೆ ಬಂದಿರಬಹುದು. ಇನ್ನು ನಗುವ ವೇಳೆಗಳ ಕಡೆಗೆ ಹೋಗೋಣ. ಮೊದಲ ವೇಳೆ ಬೆಳಗ್ಗೆ ಹನ್ನೊಂದು ಗಂಟೆ; ಸ್ಥಳ ಮ್ಯೂನಿಕ್.

ಮ್ಯೂನಿಕ್ ನಗರದ ನಡುವೆ ಒಂದು ಚೌಕ. ಅದರ ಒಂದು ಪಕ್ಕದಲ್ಲಿ ಪುರಭವನ. ಆ ಭವನದ ಗೋಪುರದಲ್ಲಿ 40ಕ್ಕೂ ಹೆಚ್ಚು ಗಂಟೆಗಳನ್ನೂ, 30ಕ್ಕೆ ಮೇಲ್ಪಟ್ಟ ಆಳೆತ್ತರದ ಗೊಂಬೆಗಳನ್ನೂ ಎರಡು ಅಂತಸ್ತಿನಲ್ಲಿ ಜೋಡಿಸಿದ್ದಾರೆ. ಹನ್ನೊಂದು ಹೊಡೆದ ಬಳಿಕ ಗಂಟೆಗಳು ಹಾಡತೊಡಗುತ್ತವೆ. ಮೇಲಿನ ಅಂತಸ್ತಿನಲ್ಲಿ 1568ರ ರಾಜವಿವಾಹವೊಂದರ ಸಂಭ್ರಮ. ಬವೇರಿಯದ ಕುಮಾರ ವಿಲ್‌ಹೆಲ್ಮನಿಗೂ ಲೊರೇನಿನ ರಾಜಕುಮಾರಿ ರೆನಾಟೆಗೂ ಮದುವೆ. ವಧೂವರರ ಮುಂದೆ ಇಬ್ಬರು ಅಶ್ವಾರೋಹಿ ವೀರರು ಭರ್ಜಿ ಹಿಡಿದು ಎದುರುಬದುರಾಗಿ ನುಗ್ಗುತ್ತಾರೆ. ಒಬ್ಬ ಬವೇರಿಯದವನು, ಇನ್ನೊಬ್ಬ ಲೊರೇನಿನವನು. ಮೊದಲ ಸುತ್ತಿನಲ್ಲಿ ಯಾರೂ ಬೀಳುವುದಿಲ್ಲ. ಎರಡನೆಯ ಸುತ್ತಿನಲ್ಲಿ ಲೊರೇನಿನವನು ಕುದುರೆಯ ಮೇಲೆ ಹಿಂದಕ್ಕೆ ವಾಲಿಬಿಡುತ್ತಾನೆ. ಚೌಕದಲ್ಲಿ ಕೊರಳೆತ್ತಿ ನಿಂತ ಸಹಸ್ರಾರು ಜನ ಹೋ ಎಂದು ನಗುತ್ತಾರೆ. ಹನ್ನೆರಡು ಗಂಟೆಗೆ ಅವನು ಮತ್ತೆ ಬಂದು ಮತ್ತೆ ಸೋಲುತ್ತಾನೆ. ಬೇಸಗೆಯಲ್ಲಿ ಸಂಜೆ ಐದಕ್ಕೆ ಮತ್ತೊಮ್ಮೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಆ ಬಡಪಾಯಿ ಸೋಲುತ್ತಲೇ ಇದ್ದಾನೆ. ಗೆಲ್ಲುವ ಆಸೆ ಅವನಿಗೆ ಉಳಿದಿರಲಾರದು.

ಕೆಳಗಿನ ಅಂತಸ್ತಿನಲ್ಲಿ ಪೀಪಾಯಿ ಮಾಡುವವರ ಕುಣಿತ. ಪ್ಲೇಗು ತೊಲಗಿದ ಮೇಲೂ ಜನ ಭಯದಿಂದ ಮನೆಯಿಂದೀಚೆಗೆ ಬಾರದಿದ್ದಾಗ, ಈ ಕುಲಕಸುಬಿನವರು ಬೀದಿಯಲ್ಲಿ ಕುಣಿದು ಊರಿಗೆ ಧೈರ್ಯ ತಂದರೆಂದು ಐತಿಹ್ಯ. ಗೊಂಬೆಗಳು ದಿನದಿನವೂ ಕುಣಿಯುತ್ತವೆ. ನಿಜವಾದ ಮನುಷ್ಯರು ಬೀದಿಯಲ್ಲಿ ಕುಣಿಯುವುದು ಮಾತ್ರ ಏಳು ವರ್ಷಕ್ಕೊಮ್ಮೆ. ನಡುವೆ ಎಷ್ಟೇ ಆನಂದವಾದರೂ ತಡೆದುಕೊಂಡಿರತಕ್ಕದ್ದು! ಕೊನೆಯಲ್ಲಿ ತುತ್ತತುದಿಯ ಬಂಗಾರದ ಹುಂಜ ಮೂರು ಸಲ ಕೂಗುತ್ತದೆ. ಅದರ ಕಂಠ ಶೀತವಾದವನ ಕಂಠದಂತಿದ್ದು, ಅಷ್ಟು ಹೊತ್ತಿನ ಮಧುರ ಘಂಟಾನಾದದ ಬಳಿಕ ಕೇಳಿದಾಗ, ಎಂತಹ ಗಂಭೀರನಾದರೂ ನಗದೆ ವಿಧಿಯಿಲ್ಲ. ನಕ್ಕು ಮುಗಿಯಿತು. ಚೌಕ ಬರಿದಾಯಿತು. ಎಲ್ಲರೂ ಮುಖವನ್ನು ಸರಿಮಾಡಿಕೊಂಡು ಕೆಲಸಕ್ಕೆ ಹೊರಟರು.

ಆ ಚೌಕದಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಈಸಾರ್ ಹೆಬ್ಬಾಗಿಲು ಸಿಗುತ್ತದೆ. ಹಳೆಯ ಕೋಟೆಯ ಬಾಗಿಲದು. ಅದರ ಗೋಪುರದೊಳಗೆ ಕಾರ್ಲ್ ವಾಲೆಂಟಿನ್ ಎಂಬ ಹಾಸ್ಯನಟನ ವಸ್ತುಸಂಗ್ರಹಾಲಯವಿದೆ. ಜರ್ಮನಿಯಲ್ಲಿ ನಾನು ಕಂಡ ಅರಮನೆ, ಚರ್ಚು, ಚಿತ್ರಶಾಲೆಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ಇದನ್ನೊಂದನ್ನೇ ಇನ್ನೊಂದರಲ್ಲಿಟ್ಟರೆ ಯಾವುದು ಮೇಲೆಂದು ಹೇಳಲಾರೆ. ನನ್ನ ಪಕ್ಷಪಾತವನ್ನು ಕೇಳುಗರು ಕ್ಷಮಿಸಬೇಕು.

ವಾಲೆಂಟಿನ್ ಹುಟ್ಟಿದ್ದು 1882ರಲ್ಲಿ, ಮ್ಯೂನಿಕ್ಕಿನಲ್ಲಿಯೇ. ಆಳು ಬೆತ್ತದಂತೆ ಉದ್ದ, ಬೆತ್ತದಂತೆಯೇ ಕೃಶ. ಮೂಗು ಆ ದೇಹದಲ್ಲಿ ಪುಷ್ಟವಾದ ಒಂದೇ ಅಂಗ. ಮೊದಲು ಬಡಗಿಯ ಕೆಲಸ ಕಲಿತಿದ್ದನು. ಆಮೇಲೆ ಅದನ್ನು ಬಿಟ್ಟು, ಲೀಸ್ಲ್ ಕಾರ್ಲ್‌ಷ್ಟಾಟ್ ಎಂಬ ಸಹನಟಿಯೊಡನೆ ದಶಕಗಳ ಕಾಲ ಜನರನ್ನು ನಗಿಸಿದನು. ಅವನ ಹಾಸ್ಯದ ಗುಟ್ಟು ಹೀಗೆ: ಜರ್ಮನರ ನಿಯಮನಿಷ್ಠೆಯನ್ನೂ ತರ್ಕನಿಷ್ಠೆಯನ್ನೂ ಅವನು ಅಲ್ಲಗಳೆಯಲಿಲ್ಲ, ಅವರಿಗಿಂತ ನಾಲ್ಕು ಹೆಜ್ಜೆ ಮುಂದಕ್ಕೆ ಅದನ್ನು ಒಯ್ದುಬಿಟ್ಟನು.

ಅವನ ಸಂಗ್ರಹಾಲಯವೂ ಅದೇ ಮಾರ್ಗದಲ್ಲಿದೆ. ನಾನು ಹೋದ ಕಾಲದಲ್ಲಿ ಅದು ಬಾಗಿಲು ತೆರೆಯುತ್ತಿದ್ದುದು ಹನ್ನೊಂದು ಗಂಟೆ ಒಂದು ನಿಮಿಷಕ್ಕೆ. ಮುಚ್ಚುತ್ತಿದ್ದುದು ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ. ಪ್ರವೇಶದ ದರ 3 ಯೂರೋಗೆ ಒಂದು ಸೆಂಟು ಕಡಿಮೆ. ಇಲ್ಲಿಯವರೆಗೆ ನಗುವಿಗೆ ಕಾರಣವಿಲ್ಲ. ಸಂಖ್ಯೆಗಳು ಸ್ವಲ್ಪ ವಿಚಿತ್ರವೆಂದಷ್ಟೇ ತೋರೀತು. ಆದರೆ ದರಪಟ್ಟಿಯಲ್ಲಿ ಕೆಳಗೆ ಒಂದು ರಿಯಾಯಿತಿಯಿತ್ತು. ತೊಂಬತ್ತೊಂಬತ್ತು ವರ್ಷ ವಯಸ್ಸಾದವರು ತಮ್ಮ ತಂದೆತಾಯಿಗಳೊಡನೆ ಬಂದಲ್ಲಿ ಅವರಿಗೆ ಪ್ರವೇಶ ಉಚಿತ!

ಒಳಗೆ ಸುರುಳಿ ಸುರುಳಿಯಾದ ಇಕ್ಕಟ್ಟು ಮೆಟ್ಟಿಲು. ನೋಡತಕ್ಕ ವಸ್ತುಗಳನ್ನು ನಾನು ವರ್ಣಿಸುತ್ತೇನೆ, ನೀವು ಕಲ್ಪಿಸಿಕೊಳ್ಳಿ. ಒಂದು ಕಡೆ ತಟ್ಟೆಯಲ್ಲಿ ನೀರಿದೆ. ಅದು ಹಿಮದಿಂದ ಕಡೆದ ಶಿಲ್ಪ, ಈಗ ಕರಗಿದೆ. ಇನ್ನೊಂದು ಕಡೆ ಹಲ್ಲುಕಡ್ಡಿಗೆ ತುಪ್ಪುಳನ್ನು ಸುತ್ತಿದ್ದಾರೆ. ಅದು ಚಳಿಗಾಲದಲ್ಲಿ ಬಳಸತಕ್ಕದ್ದು. ಮತ್ತೊಂದು ಕಡೆ ಗೋಡೆಯಲ್ಲಿ ಒಂದು ಮೊಳೆ. ವಾಲೆಂಟಿನ್ ತನ್ನ ಬಡಗಿ ವೃತ್ತಿಯನ್ನು ನೇತುಹಾಕಿಬಿಟ್ಟದ್ದು ಇದೇ ಮೊಳೆಗೆ. ಪ್ರತಿಯೊಂದರ ಕೆಳಗೂ, ರಾಜಮಹಾರಾಜರ ಕಿರೀಟದ ಕೆಳಗೆ ಹಾಕುವಂತಹ ಗಂಭೀರವಾದ ಫಲಕ. ನನ್ನ ಮುಂದೆ ವೃದ್ಧ ದಂಪತಿಗಳು ನಡೆಯುತ್ತಿದ್ದರು. ಗಂಡನು ಪ್ರತಿ ಫಲಕವನ್ನೂ ಮೊದಲಿನಿಂದ ಕೊನೆಯವರೆಗೆ, ನ್ಯಾಯಾಲಯದ ತೀರ್ಪನ್ನು ಓದುವಂತೆ, ಗಟ್ಟಿಯಾಗಿ ಓದುವನು. ಹೆಂಡತಿ ಹೌದು ಹೌದೆಂದು ತಲೆಯಾಡಿಸುವಳು. ತುಪ್ಪುಳಿನ ಹಲ್ಲುಕಡ್ಡಿಯ ಮುಂದೆ ಇಬ್ಬರೂ ಕ್ಷಣಕಾಲ ನಿಶ್ಚಲರಾದರು. ಬಳಿಕ ಆ ಮುದುಕ ನಕ್ಕ ನಗೆಗೆ ಇಕ್ಕಟ್ಟು ಗೋಪುರವೇ ಮಾರ್ದನಿಗೊಟ್ಟಿತು. ಆತನಿಗೆ ಹೊರಗಿನ ಬೀದಿಯಲ್ಲಿ ಯಾರಾದರೂ ಈ ಮಾತನ್ನು ಹೇಳಿದ್ದರೆ ಅವನು ನಗುತ್ತಿದ್ದನೋ ಇಲ್ಲವೋ ಅನುಮಾನ. ಇಲ್ಲಿ ಅವನು ನಗುವುದಕ್ಕೆಂದೇ ಟಿಕೆಟ್ಟು ಕೊಂಡಿದ್ದನು.

ವಾಲೆಂಟಿನ್ನನ ಕೊನೆಗಾಲ ಮಾತ್ರ ನಗುವಂತಹುದಲ್ಲ. ನಾತ್ಸಿ ಆಡಳಿತದಲ್ಲಿ, 1936ರಲ್ಲಿ, ಅವನ ಚಲನಚಿತ್ರವೊಂದನ್ನು ಅದು ದಾರಿದ್ರ್ಯವನ್ನು ತೋರಿಸುತ್ತದೆಂಬ ಕಾರಣದಿಂದ ನಿಷೇಧಿಸಿದರು. ಮಹಾಯುದ್ಧವಾದ ಮೇಲೆ ಹಸಿದ ಊರಿಗೆ ಅವನ ಹಾಸ್ಯ ಬೇಡವಾಯಿತು. 1948ರ ಫೆಬ್ರವರಿಯಲ್ಲಿ, ಕಾರ್ನಿವಲ್ ಹಬ್ಬದ ಸೋಮವಾರ, ಎಂದರೆ ಜರ್ಮನಿಯೆಲ್ಲ ನಗುವುದಕ್ಕೆ ಗೊತ್ತುಮಾಡಿದ ದಿನವೇ, ಅವನು ತೀರಿಕೊಂಡನು. ಈಗ ಮ್ಯೂನಿಕ್ಕಿನ ಮಾರುಕಟ್ಟೆಯಲ್ಲಿ ಅವನ ಪ್ರತಿಮೆಯಿರುವ ಕಾರಂಜಿಯಿದೆ. ತರಕಾರಿ ಮಾರುವ ಹೆಂಗಸರೂ ಕೊಳ್ಳಲು ಬಂದವರೂ ಅದರ ಕೈಗೆ ಹೂ ಸಿಕ್ಕಿಸಿ ಹೋಗುತ್ತಾರೆ. ಅದೇ ಮ್ಯೂನಿಕ್ಕಿನಿಂದ ಅರ್ಧ ಗಂಟೆಯ ದಾರಿಯಲ್ಲಿ ಡಾಖಾವ್ ಇದೆ. 1933ರಲ್ಲಿ ತೆರೆದ ಬಂಧನಶಿಬಿರದ ನೆಲ. ಅಲ್ಲಿಗೂ ಹೋಗಿದ್ದೆ. ಅದರ ಮಾತನ್ನು ಈ ಭಾಷಣದಲ್ಲಿ ಬೆರೆಸುವುದಿಲ್ಲ.

ಮ್ಯೂನಿಕ್ಕಿನಲ್ಲಿ ಗಡಿಯಾರಕ್ಕೆ ಕಟ್ಟಿದ ನಗುವನ್ನೂ ಟಿಕೆಟ್ಟಿನ ನಗುವನ್ನೂ ನೋಡಿದೆವು. ಇನ್ನು ಊರೂರುಗಳು ತಮ್ಮನ್ನು ತಾವೇ ನಕ್ಕುಕೊಳ್ಳುವ ಬಗೆ. ಇದಕ್ಕೆ ಉಲ್ಮ್ ನಗರವೇ ಸಾಕು.

ಡ್ಯಾನ್ಯೂಬ್ ನದೀತೀರದ ಉಲ್ಮ್‌ನಲ್ಲಿ ಒಂದು ಮಹಾದೇವಾಲಯವಿದೆ. ಅಡಿಗಲ್ಲು ಇಟ್ಟದ್ದು 1377ರಲ್ಲಿ. ಶಿಖರ ಮುಗಿದದ್ದು 1890ರಲ್ಲಿ. ಎತ್ತರ ಸುಮಾರು 160 ಮೀಟರು. ಬಹುಕಾಲ ಭೂಮಂಡಲದಲ್ಲಿಯೇ ಅತ್ಯುನ್ನತವಾದ ಚರ್ಚು ಇದಾಗಿತ್ತು. ಹತ್ತುವುದಕ್ಕೆ ಏಳುನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳು. ಗುಡಿಸುವ ಸರದಿ ಯಾರದೆಂದು ನಾನು ವಿಚಾರಿಸಲಿಲ್ಲ. ಇಷ್ಟು ದೊಡ್ಡ ಸಾಧನೆಯನ್ನು ಮಾಡಿದ ಊರು ತನ್ನ ಲಾಂಛನವಾಗಿ ಆರಿಸಿಕೊಂಡಿರುವುದೇನು? ಒಂದು ಗುಬ್ಬಚ್ಚಿ. ಅದು ದೇವಾಲಯದ ಮಾಡಿನ ಮೇಲೆಯೇ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಕುಳಿತಿದೆ.

ಕಥೆ ಇದು. ದೇವಾಲಯ ಕಟ್ಟುವಾಗ ಉಲ್ಮಿನ ಜನ ಉದ್ದನೆಯ ತೊಲೆಯೊಂದನ್ನು ಗಾಡಿಯ ಮೇಲೆ ಅಡ್ಡಡ್ಡಲಾಗಿ ಹೇರಿಕೊಂಡು ಬಂದರು. ಊರಬಾಗಿಲಿನಲ್ಲಿ ಅದು ಹಿಡಿಯಲಿಲ್ಲ. ಹಿರಿಯರು ಕೂಡಿದರು, ಆಲೋಚಿಸಿದರು, ಬಾಗಿಲನ್ನು ಒಡೆದು ಅಗಲಮಾಡುವುದೇ ಸರಿಯೆಂದು ತೀರ್ಮಾನಿಸಿದರು. ಅಷ್ಟರಲ್ಲಿ ಒಂದು ಗುಬ್ಬಚ್ಚಿ ಗೂಡಿಗೆಂದು ಹುಲ್ಲುಕಡ್ಡಿಯನ್ನು ತಂದು, ಸಂದಿಯಲ್ಲಿ ತೂರದಿರಲು, ಕಡ್ಡಿಯನ್ನು ಉದ್ದಕ್ಕೆ ತಿರುಗಿಸಿಕೊಂಡು ಒಳಗೆ ಹೋಯಿತು. ಹಿರಿಯರು ಪರಸ್ಪರ ಮುಖ ನೋಡಿಕೊಂಡು ತೊಲೆಯನ್ನು ಉದ್ದಕ್ಕೆ ತಿರುಗಿಸಿದರಂತೆ. ನಮ್ಮ ಪರಮಾನಂದ ಗುರುವಿನ ಶಿಷ್ಯರು ಇದನ್ನು ಕೇಳಿದ್ದರೆ ಉಲ್ಮಿಗೆ ಬಂಧುತ್ವ ಬೆಳೆಸಲು ಹೊರಡುತ್ತಿದ್ದರು. ಇಂತಹ ಕಥೆಗಳನ್ನು ಪಕ್ಕದ ಊರಿನವರು ಕಟ್ಟುವುದು ಲೋಕರೂಢಿ. ಉಲ್ಮಿನವರು ಅದನ್ನು ತಾವೇ ಹೊತ್ತು ಮೆರೆಸುತ್ತಾರೆ. ಬಣ್ಣ ಬಣ್ಣದ ಗುಬ್ಬಚ್ಚಿಗಳು ಊರಿನ ಮೂಲೆಮೂಲೆಯಲ್ಲಿವೆ. 1879ರಲ್ಲಿ ಐನ್‌ಸ್ಟೈನ್ ಹುಟ್ಟಿದ್ದು ಈ ಊರಿನಲ್ಲಿ. ಮಗುವಿಗೆ ಒಂದು ವರ್ಷ ತುಂಬಿ ಸ್ವಲ್ಪ ಕಾಲಕ್ಕೇ ಸಂಸಾರ ಊರು ಬಿಟ್ಟಿತು. ಆದರೂ ಊರವರು ಅವನ ತಲೆಯನ್ನು ಒಂದು ಕಾರಂಜಿಯ ಮೇಲೆ ನಿಲ್ಲಿಸಿದ್ದಾರೆ. ಆ ಐನ್‌ಸ್ಟೈನ್ ಊರಿನ ಕಡೆಗೆ ನಾಲಗೆಯನ್ನು ಚಾಚಿಕೊಂಡಿದ್ದಾನೆ!

ಹೈಡೆಲ್‌ಬೆರ್ಗಿನ ಕೋಟೆಯಲ್ಲಿರುವ ಪೀಪಾಯಿಯ ಮಾತನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1751ರಲ್ಲಿ ಮಾಡಿಸಿದ್ದು, 2 ಲಕ್ಷ ಲೀಟರಿಗೂ ಹೆಚ್ಚು ದ್ರಾಕ್ಷಾರಸ ಹಿಡಿಯುತ್ತದೆ, ಮೇಲ್ಗಡೆ ನರ್ತನಕ್ಕೆ ಹಲಗೆಯ ನೆಲವುಂಟು. ಅದರೆದುರಿಗೆ ಆಸ್ಥಾನ ವಿದೂಷಕನಾಗಿದ್ದ ಪೆರ್ಕೆಯೊ ಎಂಬ ಕುಳ್ಳನ ಮರದ ಬೊಂಬೆ. ಜೀವಮಾನವೆಲ್ಲ ದ್ರಾಕ್ಷಾರಸವನ್ನೇ ಕುಡಿದು ಆರೋಗ್ಯವಾಗಿದ್ದ ಇವನು, ಕೊನೆಗೆ ವೈದ್ಯನ ಬುದ್ಧಿವಾದವನ್ನು ಕೇಳಿ ಒಂದು ಲೋಟ ನೀರು ಕುಡಿದು ಸತ್ತನೆಂದು ಪ್ರತೀತಿ. ವೈದ್ಯರು ಈ ಕಥೆಯನ್ನು ಒಪ್ಪುವುದಿಲ್ಲ.

ನಮ್ಮ ಮನೆಯಿಂದ ಒಂದು ಗಂಟೆಯ ರೈಲುದಾರಿಯಲ್ಲಿ ಟ್ಯೂಬಿಂಗೆನ್ ಇತ್ತು. ಕನ್ನಡಿಗನಾಗಿ ಅಲ್ಲಿಗೆ ಹೋಗದೆ ಬರುವುದು ಕೃತಘ್ನತೆ. ರೆವರೆಂಡ್ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳು. ಅದರ ಗೌರವಾರ್ಥವಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಅವರು 1903ರಲ್ಲಿ ಕಾಲವಾದದ್ದೂ ಆ ಊರಿನಲ್ಲಿಯೇ. ಅಲ್ಲಿ ಕಾಫಿ ಕುಡಿಯುತ್ತ ಕುಳಿತಾಗ ಪರಿಚಯದ ಜರ್ಮನ್ ಮಿತ್ರನೊಬ್ಬ, ಕಿಟೆಲ್ಲರ ಹುಟ್ಟೂರು ಯಾವುದೆಂದು ಕೇಳಿದನು. ಉತ್ತರ ಸಮುದ್ರದ ದಂಡೆಯ ಓಸ್ಟ್‌ಫ್ರೀಸ್‌ಲಾಂಡ್ ಎಂದೆ. ಅವನು ಕಾಫಿಯ ಬಟ್ಟಲನ್ನು ಕೆಳಗಿಟ್ಟು ನಗಲಾರಂಭಿಸಿದನು. ಕಾರಣ ತಿಳಿದದ್ದು ಆಮೇಲೆ. ಜರ್ಮನರು ದಡ್ಡರ ಚಾಟೂಕ್ತಿಗಳನ್ನು ಹೇಳುವಾಗ ನಾಯಕನು ಯಾವಾಗಲೂ ಓಸ್ಟ್‌ಫ್ರೀಸ್‌ಲಾಂಡಿನವನೇ. ಒಂದು ಕಾಲದಲ್ಲಿ ಆ ಚಾಟೂಕ್ತಿಗಳು ದೇಶವೆಲ್ಲ ಹಬ್ಬಿದ್ದುವು. ನಾನೆಂದೆ: ಅಯ್ಯಾ, ನೀವು ದಡ್ಡರ ಸೀಮೆಯೆನ್ನುವಲ್ಲಿ ಹುಟ್ಟಿದವರು ನಮ್ಮ ಭಾಷೆಯ 70,000 ಪದಗಳನ್ನು ಅಕಾರಾದಿಯಾಗಿ ಜೋಡಿಸಿಕೊಟ್ಟರು, ನಿಮ್ಮ ಜಾಣರ ಸೀಮೆಯವರು ಯಾವಾಗ ಬರುತ್ತಾರೆ? ಅವನು ಮತ್ತೆ ನಕ್ಕನು. ಕಿಟೆಲ್ಲರ ನಿಘಂಟನ್ನು ತೆರೆದವರಿಗೆ ತಿಳಿದಿದೆ, ಪದಪದಕ್ಕೂ ಅವರು ನಮ್ಮ ಹಳ್ಳಿಯ ಗಾದೆಗಳನ್ನು ಕೊಡುತ್ತ ಹೋಗುತ್ತಾರೆ. ಅತ್ತೆಸೊಸೆಯರ ಕುಹಕ, ಜಿಪುಣನ ಅವಸ್ಥೆ, ಎಲ್ಲವೂ ಅಲ್ಲಿವೆ. ನಮ್ಮ ನಗುವನ್ನೂ ಅವರು ಅನುಕ್ರಮದಲ್ಲಿಯೇ ಇಟ್ಟರು.

ಇದೇ ಟ್ಯೂಬಿಂಗೆನ್ನಿನಲ್ಲಿ ನೆಕ್ಕಾರ್ ನದಿಯ ಮೇಲೆ ವಿದ್ಯಾರ್ಥಿಗಳು ವರ್ಷಕ್ಕೊಂದು ಸಲ ದೋಣಿಪಂದ್ಯ ನಡೆಸುತ್ತಾರೆ. ಗೆದ್ದವರಿಗೆ ಬಿಯರು. ಕೊನೆಯಲ್ಲಿ ಬಂದ ದೋಣಿಯವರಿಗೆ, ತಲೆಗೆ ಅರ್ಧ ಲೀಟರಿನಂತೆ, ಮೀನೆಣ್ಣೆ. ಸಾವಿರಾರು ಜನ ದಡದಲ್ಲಿ ಸೇರುವುದು ಪಂದ್ಯವನ್ನು ನೋಡುವುದಕ್ಕೋ ಆ ಮೀನೆಣ್ಣೆಯ ಪಾನವನ್ನು ನೋಡುವುದಕ್ಕೋ ಹೇಳುವುದು ಕಷ್ಟ.

ಇದುವರೆಗೆ ದಿನದ ಒಂದು ಹೊತ್ತಿಗೆ, ಊರಿನ ಒಂದು ಮೂಲೆಗೆ ಸೇರಿದ ನಗುವನ್ನು ಹೇಳಿದೆ. ಇನ್ನು ವರ್ಷದಲ್ಲಿ ಇಡೀ ನಾಡು ನಗುವ ಋತು, ಎಂದರೆ ಕಾರ್ನಿವಲ್ ಹಬ್ಬದ ಕಾಲ. ಕೊಲೋನ್ ನಗರದಲ್ಲಿ ಇದು ಆರಂಭವಾಗುವುದು ನವೆಂಬರ್ 11ರಂದು, ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ. ಹನ್ನೊಂದನೆಯ ತಿಂಗಳು, ಹನ್ನೊಂದನೆಯ ದಿನ. ಹತ್ತನೆಯ ನಿಮಿಷದಲ್ಲಿ ನಕ್ಕವನು ಪರದೇಶಿ! ಈಸ್ಟರಿಗೆ ಮುಂಚಿನ ಉಪವಾಸಕಾಲ ಬರುವ ಮೊದಲಿನ ಗುರುವಾರ ಅಲ್ಲಿಯ ಹೆಂಗಸರು ಕತ್ತರಿ ಹಿಡಿದು ಹೊರಟು ಕಂಡ ಕಂಡ ಗಂಡಸರ ಕತ್ತಿನ ಟೈಗಳನ್ನು ಕತ್ತರಿಸುತ್ತಾರೆ. ಕತ್ತರಿಸಿಕೊಂಡವನಿಗೆ ಪರಿಹಾರವಾಗಿ ಒಂದು ಮುತ್ತು. ನನ್ನ ಸಹೋದ್ಯೋಗಿಯೊಬ್ಬ ಅದಕ್ಕೆಂದೇ ಹಳೆಯ ಟೈಗಳನ್ನು ವರ್ಷವೆಲ್ಲ ಕೂಡಿಡುತ್ತಿದ್ದನು.

ನಮ್ಮ ಷ್ವಾಬರ ಕಡೆಯಲ್ಲಿ ಈ ಹಬ್ಬದ ರೂಪ ಬೇರೆ. ರೋಟ್‌ವೈಲ್ ಎಂಬ ಪುರಾತನ ಊರಿನಲ್ಲಿ ಕೆತ್ತಿದ ಮರದ ಮುಖವಾಡ ಧರಿಸಿ, ಮೈತುಂಬ ಗೆಜ್ಜೆ ಕಟ್ಟಿ, ಮೂರ್ಖರ ವೇಷದವರು ಕುಣಿಯುತ್ತ ಹೊರಡುತ್ತಾರೆ. ಹಬ್ಬದ ಸೋಮವಾರ, ನಡುಗುವ ಚಳಿಯಲ್ಲಿ, ಬೆಳಗ್ಗೆ ಸರಿಯಾಗಿ ಎಂಟು ಗಂಟೆಗೆ! ಕಪ್ಪು ಬಾಗಿಲೆಂಬ ಹಳೆಯ ಗೋಪುರದ ಕೆಳಗೆ ನಾನು ನಿಂತಿದ್ದೆ. ಎಂಟು ಹೊಡೆಯುವವರೆಗೆ ನಿಶ್ಶಬ್ದ. ಹೊಡೆಯಿತು. ಒಮ್ಮೆಗೇ ಸಾವಿರಾರು ಗೆಜ್ಜೆಗಳ ಭೋರ್ಗರೆತ. ಬಾಗಿಲಿನಿಂದ ಮೂರ್ಖರ ಪ್ರವಾಹ. ಅವರಲ್ಲಿ ಕೆಲವರ ಕೈಯಲ್ಲಿ ಪುಸ್ತಕ. ಊರಿನ ಗಣ್ಯರು ಕಳೆದ ವರ್ಷ ಮಾಡಿದ ತಪ್ಪು ಒಪ್ಪುಗಳನ್ನು ಅದರಲ್ಲಿ ಬರೆದುಕೊಂಡು ಬಂದು, ಅವರ ಮುಖದೆದುರಿಗೇ ಓದಿ ಹೇಳುತ್ತಾರೆ. ಕೇಳಿಸಿಕೊಂಡವನು ಸಿಟ್ಟಾಗುವಂತಿಲ್ಲ. ಬುಧವಾರ ಬೂದಿಯ ದಿನ. ಮುಖವಾಡಗಳು ಪೆಟ್ಟಿಗೆ ಸೇರುತ್ತವೆ. ಊರಿನ ಗಣ್ಯರು ಮತ್ತೆ ಗಣ್ಯರಾಗುತ್ತಾರೆ.

ವರ್ಷದ ಕಟ್ಟಕಡೆಯ ರಾತ್ರಿಯ ನಗುವಂತೂ ಎಲ್ಲಕ್ಕಿಂತ ವಿಚಿತ್ರ. ಡಿಸೆಂಬರ್ 31ರಂದು ಜರ್ಮನಿಯ ದೂರದರ್ಶನಗಳು ಸುಮಾರು ಹದಿನೆಂಟು ನಿಮಿಷದ ಒಂದು ಪ್ರಹಸನವನ್ನು ತೋರಿಸುತ್ತವೆ. 1963ರಲ್ಲಿ ಚಿತ್ರೀಕರಿಸಿದ್ದು. ನಟರಿಬ್ಬರೂ ಇಂಗ್ಲಿಷರು, ಭಾಷೆಯೂ ಇಂಗ್ಲಿಷು. ತೊಂಬತ್ತನೆಯ ಹುಟ್ಟುಹಬ್ಬವನ್ನು ಆಚರಿಸುವ ಒಬ್ಬ ಮುದುಕಿ. ಎಂದೋ ಸತ್ತುಹೋದ ಆಕೆಯ ನಾಲ್ವರು ಅತಿಥಿಗಳ ಪಾಲಿನ ಮದ್ಯವನ್ನೆಲ್ಲ ತಾನೇ ಕುಡಿದು, ನೆಲದ ಮೇಲಿನ ಹುಲಿಚರ್ಮದ ತಲೆಯನ್ನು ಎಡವುತ್ತ ಬಡಿಸುವ ಒಬ್ಬ ಮುದಿ ಪರಿಚಾರಕ. ಇಷ್ಟೇ ಕಥೆ. ನಮ್ಮ ಮನೆಯೊಡತಿ ಆ ರಾತ್ರಿ ನಮ್ಮನ್ನು ಕರೆದು ಕೂರಿಸಿದಳು. ಮುಂದೇನಾಗುವುದೆಂದು ಆಕೆಗೆ ಅಕ್ಷರಶಃ ಗೊತ್ತು. ಪ್ರತಿಯೊಂದು ಸಲವೂ ಅವನು ಎಡವುವುದಕ್ಕೆ ಒಂದು ಕ್ಷಣ ಮುಂಚೆಯೇ ನಗುತ್ತಿದ್ದಳು. ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ನಕ್ಕಳು. ಆ ನಗುವನ್ನು ಮೆಟ್ಟಿಲಿನ ಮೇಲೆ ಎಂದೂ ಕಂಡಿರದ ನಾನು ಪ್ರಹಸನವನ್ನು ನೋಡಲೇ ಇಲ್ಲ, ಆಕೆಯನ್ನೇ ನೋಡುತ್ತಿದ್ದೆ.

ಹಾಗಾದರೆ ವೇಳಾಪಟ್ಟಿಯನ್ನು ಮೀರಿದ ನಗು ಅಲ್ಲಿಲ್ಲವೇ ಎಂದು ನೀವು ಕೇಳಬಹುದು. ಒಂದುಂಟು. ಅದು ರೈಲು ತಡವಾದಾಗ ಬರುತ್ತದೆ. ಜರ್ಮನಿಯ ರೈಲು ಗಡಿಯಾರವಿದ್ದಂತೆ ಎಂಬುದು ಹಳೆಯ ಕೀರ್ತಿ; ಆರು ನಿಮಿಷಕ್ಕಿಂತ ಕಡಿಮೆ ತಡವಾದದ್ದನ್ನು ಲೆಕ್ಕದಲ್ಲಿ ಸಕಾಲದ್ದೆಂದೇ ಬರೆಯುವುದು ಈಗಿನ ಪದ್ಧತಿ. ನಿಲ್ದಾಣದಲ್ಲಿ ಮೊದಲ ಹತ್ತು ನಿಮಿಷ ಎಲ್ಲರೂ ಕಂಬಗಳಂತಿರುತ್ತಾರೆ. ಇಪ್ಪತ್ತಾದಾಗ ಒಬ್ಬ ಗಡಿಯಾರ ನೋಡಿ ಇನ್ನೊಬ್ಬನ ಮುಖ ನೋಡುತ್ತಾನೆ. ಅರ್ಧ ಗಂಟೆಯಾದಾಗ ಧ್ವನಿವರ್ಧಕ ಕ್ಷಮೆ ಕೇಳುತ್ತದೆ, ಆಗ ಇಡೀ ವೇದಿಕೆ ಒಟ್ಟಿಗೆ ನಗುತ್ತದೆ. ಅಪರಿಚಿತರು ಬಿಸ್ಕತ್ತು ಹಂಚಿಕೊಳ್ಳುತ್ತಾರೆ, ಮೊಮ್ಮಕ್ಕಳ ಚಿತ್ರ ತೋರಿಸುತ್ತಾರೆ, ನನ್ನಂತಹ ಪರದೇಶೀಯನನ್ನೂ ಊರು ಯಾವುದೆಂದು ವಿಚಾರಿಸುತ್ತಾರೆ. ನನಗೆ ಅಲ್ಲಿ ದೊರೆತ ಉತ್ತಮ ಸ್ನೇಹಗಳಲ್ಲಿ ಕೆಲವು ತಡವಾದ ರೈಲುಗಳ ಕೃಪೆ. ರೈಲು ಬಂದಿತೋ, ಎಲ್ಲರೂ ತಮ್ಮ ತಮ್ಮ ಕಾದಿರಿಸಿದ ಆಸನಗಳಲ್ಲಿ ಕುಳಿತು ಪತ್ರಿಕೆಗಳನ್ನು ತೆರೆಯುತ್ತಾರೆ.

ಕಾಲ ಮುಗಿಯುತ್ತ ಬಂದಿದೆ. ಉತ್ತರದ ಬ್ರೆಮೆನ್ ನಗರವೊಂದನ್ನು ಹೇಳಿ ನಿಲ್ಲಿಸುತ್ತೇನೆ. ಗ್ರಿಮ್ ಸೋದರರು ಸಂಗ್ರಹಿಸಿದ ಕಥೆಯೊಂದರಲ್ಲಿ ಮುದಿಯಾದ ಕತ್ತೆ, ನಾಯಿ, ಬೆಕ್ಕು, ಹುಂಜ ಈ ನಾಲ್ಕೂ ಸಂಗೀತಗಾರರಾಗಬೇಕೆಂದು ಬ್ರೆಮೆನ್ನಿಗೆ ಹೊರಡುತ್ತವೆ. ಕಥೆಯ ಪ್ರಕಾರ ಅವು ಬ್ರೆಮೆನ್ನನ್ನು ಮುಟ್ಟುವುದೇ ಇಲ್ಲ. ದಾರಿಯಲ್ಲಿ ಕಳ್ಳರನ್ನು ಓಡಿಸಿ ಅವರ ಮನೆಯಲ್ಲಿ ಸುಖವಾಗಿ ಉಳಿದುಬಿಡುತ್ತವೆ. ಬಾರದೆ ಹೋದ ಅತಿಥಿಗಳಿಗೆ ಬ್ರೆಮೆನ್ನಿನವರು ಪುರಭವನದ ಪಕ್ಕದಲ್ಲಿಯೇ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಗೆರ್ಹಾರ್ಟ್ ಮಾರ್ಕ್ಸ್ ಎಂಬ ಶಿಲ್ಪಿಯದು, 1953ರದು. ಕತ್ತೆಯ ಬೆನ್ನ ಮೇಲೆ ನಾಯಿ, ನಾಯಿಯ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಹುಂಜ. ಒಟ್ಟು ಎತ್ತರ ಸುಮಾರು ಎರಡು ಮೀಟರು. ಸಮೀಪದ ಚೌಕದ ನೆಲದಲ್ಲಿ ಕಂಚಿನ ಮುಚ್ಚಳದ ಒಂದು ರಂಧ್ರವುಂಟು. ಅದರಲ್ಲಿ ನಾಣ್ಯ ಹಾಕಿದರೆ ಈ ನಾಲ್ಕರಲ್ಲಿ ಒಂದು ಪ್ರಾಣಿ ನೆಲದೊಳಗಿಂದ ಕೂಗುತ್ತದೆ. ಹಣ ಧರ್ಮಕಾರ್ಯಕ್ಕೆ ಸಲ್ಲುತ್ತದೆ.

ಕತ್ತೆಯ ಮುಂಗಾಲುಗಳು ಮಾತ್ರ ಚಿನ್ನದಂತೆ ಥಳಥಳಿಸುತ್ತವೆ. ಅವನ್ನು ಹಿಡಿದು ಇಷ್ಟಾರ್ಥವನ್ನು ಬೇಡಿದರೆ ನೆರವೇರುವುದೆಂದು ನಂಬಿಕೆ. ಆದರೆ ಇದಕ್ಕೂ ನಿಯಮವುಂಟು. ಎರಡು ಕಾಲುಗಳನ್ನೂ ಎರಡು ಕೈಗಳಿಂದ ಹಿಡಿಯತಕ್ಕದ್ದು. ಒಂದೇ ಕೈಯಿಂದ ಒಂದೇ ಕಾಲನ್ನು ಹಿಡಿದರೆ, ಒಂದು ಕತ್ತೆ ಇನ್ನೊಂದು ಕತ್ತೆಯ ಕೈ ಕುಲುಕಿತೆಂದು ಬ್ರೆಮೆನ್ನಿನವರು ಹೇಳುತ್ತಾರೆ. ನಾನು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಹತ್ತಾರು ದೇಶಗಳ ಪ್ರವಾಸಿಗಳು ಒಂದೇ ಕೈಯಿಂದ ಹಿಡಿದು ಚಿತ್ರ ತೆಗೆಸಿಕೊಂಡು ಹೋದರು; ಎದುರಿನ ಬೆಂಚಿನ ಮೇಲೆ ಮೂವರು ಮುದುಕರು ಸಾಲಾಗಿ ಕುಳಿತು ಒಬ್ಬೊಬ್ಬರನ್ನೂ ಎಣಿಸುತ್ತಿದ್ದರು. ಆದ್ದರಿಂದ ಬ್ರೆಮೆನ್ನಿಗೆ ಹೋಗುವ ಕನ್ನಡಿಗರಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ದಯವಿಟ್ಟು ಎರಡು ಕೈಗಳನ್ನೂ ಬಳಸಿರಿ, ರಂಧ್ರಕ್ಕೆ ಹಾಕಲು ಜೇಬಿನಲ್ಲಿ ಸ್ವಲ್ಪ ಚಿಲ್ಲರೆಯೂ ಇರಲಿ.